ಲಕ್ಷ ಓಟಿನ ಮುಂದೆ ಒಬ್ಬ ನ್ಯಾಯಾಧೀಶನೇ?

"ಜನರೇ ಬೇಕೆನ್ನುವಾಗ ಬೇಡವೆನ್ನಲು ಕೋರ್ಟು ಯಾರು?" ಈ ಪ್ರಶ್ನೆಯನ್ನು ಇಂದು ಚಹದಂಗಡಿಯಲ್ಲಿ ಕೇಳುತ್ತೇವೆ, ಗಿರಣಿಯ ಗೇಟಿನಲ್ಲಿ ಕೇಳುತ್ತೇವೆ, ಪೇಟೆಯ ಗಲ್ಲಾಪೆಟ್ಟಿಗೆಯ ಹಿಂದಿನಿಂದಲೂ ಕೇಳುತ್ತೇವೆ. ಕೇಳುವವರು ಕೆಟ್ಟವರಲ್ಲ. ಒಂದು ಮೊಕದ್ದಮೆ ವರ್ಷಾನುಗಟ್ಟಲೆ ಕೊಳೆಯುವುದನ್ನು, ದುಡ್ಡಿದ್ದವನು ವಾಯಿದೆಯ ಮೇಲೆ ವಾಯಿದೆ ಪಡೆಯುವುದನ್ನು, ಇಲ್ಲದವನು ಕಚೇರಿಯ ಮೆಟ್ಟಿಲಿನ ಮೇಲೆಯೇ ಮುದುಕನಾಗುವುದನ್ನು ಕಣ್ಣಾರೆ ಕಂಡು ಬೇಸತ್ತವರು. ಆದುದರಿಂದ ಈ ಪ್ರಶ್ನೆಗೆ ಬೈಗುಳದ ಉತ್ತರ ಸಲ್ಲದು. ವಿಚಾರದ ಉತ್ತರವನ್ನೇ ಕೊಡಬೇಕು.

ಮೊದಲು ಒಂದು ಮಾತನ್ನು ಒಪ್ಪಿಕೊಂಡುಬಿಡೋಣ. ಕೋರ್ಟು ಬಡವರ ತವರುಮನೆಯೆಂದು ಸಮಾಜವಾದಿಗಳು ಎಂದೂ ಹೇಳಿದವರಲ್ಲ. 1951ರಲ್ಲಿ ಬಿಹಾರದ ಜಮೀನ್ದಾರಿ ರದ್ದತಿಯ ಕಾಯಿದೆಯನ್ನು ಪಾಟ್ನಾ ಹೈಕೋರ್ಟು ಹೊಡೆದುಹಾಕಿತು. ಭೂಮಿ ಉಳುವವನ ಕೈಗೆ ಬರುವುದಕ್ಕೆ ರಾಜ್ಯಾಂಗವನ್ನೇ ತಿದ್ದಬೇಕಾಯಿತು. 1969ರ ಜುಲೈಯಲ್ಲಿ 14 ದೊಡ್ಡ ಬ್ಯಾಂಕುಗಳು ರಾಷ್ಟ್ರದ ಸ್ವತ್ತಾದಾಗ, 1970ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಆ ಕಾಯಿದೆಯನ್ನು ರದ್ದು ಮಾಡಿತು. ಜಮೀನ್ದಾರನ ಗದ್ದೆಯನ್ನೂ ಶೇರುದಾರನ ಲಾಭವನ್ನೂ ಕಾಯುವುದಕ್ಕೆ ಕೋರ್ಟು ತೋರಿದ ಚುರುಕನ್ನು ಕೂಲಿಯವನ ಪಾಲಿಗೆ ಅದೇ ಪ್ರಮಾಣದಲ್ಲಿ ತೋರಿದ್ದುಂಟೆ? ಇಲ್ಲ. ಆದ್ದರಿಂದ ಕೋರ್ಟಿನ ಮೇಲೆ ದೂರು ಹೇಳುವ ಹಕ್ಕು ಯಾರಿಗಾದರೂ ಇದ್ದರೆ ಅದು ನಮಗೆ, ದುಡಿಯುವ ಜನರಿಗೆ, ಎಲ್ಲರಿಗಿಂತ ಮೊದಲು ಇದೆ.

ಇಷ್ಟೆಲ್ಲ ದೂರು ಇಟ್ಟುಕೊಂಡೂ ನಾವು ಹೇಳುವುದಿಷ್ಟು: ಬಹುಜನರ ಕೂಗಿಗೆ ಕೋರ್ಟು ತಲೆಯಾಡಿಸತೊಡಗಿದ ದಿನ ಮೊದಲು ಕೆಡುವುದು ನಮ್ಮ ಮನೆಯೇ. ಸರಕಾರ ಬಹುಮತವನ್ನು ಎಲ್ಲಿಯವರೆಗೆ ಅನುಸರಿಸಬೇಕು, ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಒಂದು ಗೆರೆ ಇದೆ. ಆ ಗೆರೆಯನ್ನು ಅಳಿಸಿದವರೆಲ್ಲ ಜನರ ಹೆಸರನ್ನೇ ಹೇಳಿ ಅಳಿಸಿದ್ದಾರೆ. ಕತೆ ಹೇಳುತ್ತಿಲ್ಲ. ನಡೆದದ್ದನ್ನೇ ಹೇಳುತ್ತೇವೆ.

ರಾಯಬರೇಲಿಯ ಲೆಕ್ಕ

1971ರ ಲೋಕಸಭಾ ಚುನಾವಣೆಯಲ್ಲಿ ಉತ್ತರಪ್ರದೇಶದ ರಾಯಬರೇಲಿಯಿಂದ ಪ್ರಧಾನಿ ಶ್ರೀಮತಿ ಇಂದಿರಾ ಗಾಂಧಿಯವರು ನಿಂತರು. ಎದುರಿಗೆ ನಿಂತವರು ಸಮಾಜವಾದಿ ನಾಯಕ ಶ್ರೀ ರಾಜನಾರಾಯಣರು. ಇಂದಿರಾ ಗಾಂಧಿಯವರು ಒಂದು ಲಕ್ಷ ಹನ್ನೊಂದು ಸಾವಿರಕ್ಕೂ ಹೆಚ್ಚು ಓಟುಗಳ ಅಂತರದಿಂದ ಗೆದ್ದರು. ಸೋತ ರಾಜನಾರಾಯಣರು ಅಲಹಾಬಾದು ಹೈಕೋರ್ಟಿಗೆ ತಕರಾರು ಅರ್ಜಿ ಹಾಕಿದಾಗ ದೇಶವೆಲ್ಲ ನಕ್ಕಿತು. ನಮ್ಮವರೇ ಕೆಲವರು ನಕ್ಕರು. ಲಕ್ಷ ಓಟಿನಿಂದ ಸೋತವನಿಗೆ ತಕರಾರು ಎಲ್ಲಿಯದು ಎಂದರು.

ನಾಲ್ಕು ವರ್ಷದ ವಿಚಾರಣೆಯ ಬಳಿಕ, 1975ನೆಯ ಇಸವಿ ಜೂನ್ 12ರಂದು, ನ್ಯಾಯಮೂರ್ತಿ ಜಗಮೋಹನಲಾಲ್ ಸಿನ್ಹಾ ಅವರು ಆ ಚುನಾವಣೆಯನ್ನು ರದ್ದು ಮಾಡಿದರು. ಕಾರಣಗಳು ಎರಡು. ಸರಕಾರಿ ನೌಕರಿಯಲ್ಲಿದ್ದ ಅಧಿಕಾರಿಯೊಬ್ಬರಿಂದ ಚುನಾವಣೆಯ ಕೆಲಸ ಮಾಡಿಸಿಕೊಂಡದ್ದು ಒಂದು. ಸಭೆಯ ವೇದಿಕೆಗೂ ಧ್ವನಿವರ್ಧಕದ ವಿದ್ಯುತ್ತಿಗೂ ಸರಕಾರಿ ಅಧಿಕಾರಿಗಳನ್ನು ಬಳಸಿಕೊಂಡದ್ದು ಇನ್ನೊಂದು. "ಇಷ್ಟು ಸಣ್ಣ ತಪ್ಪಿಗೆ ಪ್ರಧಾನಿಯನ್ನು ಇಳಿಸುವುದೇ? ಲಕ್ಷ ಓಟಿನ ಮುಂದೆ ಒಬ್ಬ ನ್ಯಾಯಾಧೀಶನೇ?" ಎಂಬ ಕೂಗು ಎದ್ದಿತು. ಪ್ರಧಾನಿಯ ಮನೆಯ ಮುಂದೆ ಜನರನ್ನು ತಂದು ನಿಲ್ಲಿಸಿ ಜಯಘೋಷ ಹಾಕಿಸಲಾಯಿತು.

ಓದುಗ ಮಿತ್ರರೇ, ಆ ಕೂಗಿನ ತರ್ಕವನ್ನು ತಕ್ಕಡಿಗೆ ಹಾಕಿ ನೋಡಿ. ಹೆಚ್ಚು ಓಟು ಬಂದವರಿಗೆ ಚುನಾವಣೆಯ ಕಾನೂನು ಅನ್ವಯಿಸುವುದಿಲ್ಲವೆಂದಾದರೆ ಆ ಕಾನೂನು ಯಾರಿಗೆ ಅನ್ವಯಿಸಬೇಕು? ಸೋತವರಿಗೆ ಮಾತ್ರವೇ? ತೂಕದಲ್ಲಿ ಮೋಸ ಮಾಡಿದ ಅಂಗಡಿಯವನು, "ನನ್ನಲ್ಲಿಗೆ ಎಲ್ಲರಿಗಿಂತ ಹೆಚ್ಚು ಗಿರಾಕಿ ಬರುತ್ತಾರೆ, ಆದ್ದರಿಂದ ನನ್ನ ತಕ್ಕಡಿಯನ್ನು ಪರೀಕ್ಷಿಸಕೂಡದು" ಎಂದರೆ ಪೇಟೆಯವರು ಒಪ್ಪುತ್ತೀರಾ? ಗಿರಾಕಿಗಳ ಸಂಖ್ಯೆಯೇ ಬೇರೆ, ತಕ್ಕಡಿಯ ನೇರವೇ ಬೇರೆ.

ಸಂಖ್ಯೆಯ ಮಾತು ಬಂದಿತಾದ್ದರಿಂದ ಇನ್ನೊಂದು ಲೆಕ್ಕವನ್ನೂ ನೋಡಿಬಿಡೋಣ. 1971ರಲ್ಲಿ ಇಂದಿರಾ ಕಾಂಗ್ರೆಸ್ಸಿಗೆ ಬಂದ ಸ್ಥಾನಗಳು 352. ಬಂದ ಓಟುಗಳು ಚಲಾಯಿತ ಮತದಲ್ಲಿ ನೂರಕ್ಕೆ 44ನ್ನೂ ಮುಟ್ಟಲಿಲ್ಲ. 2019ರಲ್ಲಿ ಭಾರತೀಯ ಜನತಾ ಪಕ್ಷಕ್ಕೆ ಬಂದ ಸ್ಥಾನಗಳು 303. ಓಟು ನೂರಕ್ಕೆ ಸುಮಾರು 37. ಸ್ವತಂತ್ರ ಭಾರತದ ಯಾವ ಲೋಕಸಭಾ ಚುನಾವಣೆಯಲ್ಲಿಯೂ ಯಾವೊಂದು ಪಕ್ಷವೂ ಅರ್ಧಕ್ಕಿಂತ ಹೆಚ್ಚು ಓಟು ಪಡೆದಿಲ್ಲ. "ಜನ ನಮಗೆ ತೀರ್ಪು ಕೊಟ್ಟಿದ್ದಾರೆ, ನಮ್ಮನ್ನು ತಡೆಯುವವರು ಜನವಿರೋಧಿಗಳು" ಎಂದು ಗರ್ಜಿಸುವ ಪ್ರತಿಯೊಂದು ಸರಕಾರಕ್ಕೂ ಅದರ ವಿರುದ್ಧ ಓಟು ಹಾಕಿದವರೇ ಹೆಚ್ಚು ಮಂದಿ. ಸರಕಾರ ನಡೆಸುವುದಕ್ಕೆ ಆ ಸ್ಥಾನಗಳು ಸಾಕು, ಅದರಲ್ಲಿ ನಮ್ಮ ತಕರಾರಿಲ್ಲ. ದೇಶದ ಆತ್ಮವೇ ತಮ್ಮ ಜೇಬಿನಲ್ಲಿದೆಯೆಂದು ಹೇಳಿಕೊಳ್ಳುವುದಕ್ಕೆ ಸಾಲವು.

ಮೂರನೆಯ ಎರಡರಷ್ಟು ಕೈಗಳು

ತೀರ್ಪು ಬಂದು ಹದಿಮೂರು ದಿನಕ್ಕೆ, ಜೂನ್ 25ರ ರಾತ್ರಿ, ತುರ್ತುಪರಿಸ್ಥಿತಿ ಬಂದಿತು. ರಾಜನಾರಾಯಣರೂ ಜಯಪ್ರಕಾಶರೂ ಸೆರೆಯಾದರು. ಆಗಸ್ಟಿನಲ್ಲಿ ಪಾರ್ಲಿಮೆಂಟು ಮೂವತ್ತೊಂಬತ್ತನೆಯ ತಿದ್ದುಪಡಿಯನ್ನು ಕೆಲವೇ ದಿನಗಳಲ್ಲಿ ಪಾಸು ಮಾಡಿತು. ಪ್ರಧಾನಿಯ ಚುನಾವಣೆಯನ್ನು ಯಾವ ಕೋರ್ಟೂ ಪ್ರಶ್ನಿಸಕೂಡದು, ಹಿಂದೆ ಪ್ರಶ್ನಿಸಿದ್ದರೂ ಅದು ಅಸಿಂಧು ಎಂದು ರಾಜ್ಯಾಂಗದಲ್ಲಿಯೇ ಬರೆಯಲಾಯಿತು. ಬಹುಮತಕ್ಕೆ ಕೊರತೆಯಿರಲಿಲ್ಲ. ಬೇಕಾದಷ್ಟು ಕೈಗಳು ಎದ್ದವು. ಆದರೆ ಎದುರು ಕೈ ಎತ್ತಬೇಕಾದವರಲ್ಲಿ ಅನೇಕರು ಜೈಲಿನಲ್ಲಿದ್ದರು. ಬಾಯಿಗೆ ಬೀಗ ಹಾಕಿ ತಲೆ ಎಣಿಸಿದರೆ ಅದು ಲೋಕಮತವೆ? ಅದೇ ವರ್ಷ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಕಲಮನ್ನು ಹೊಡೆದುಹಾಕಿತು. ಹೊಸದಾಗಿ ತಿದ್ದಿದ ಚುನಾವಣಾ ಕಾನೂನಿನ ಬಲದಿಂದ ಇಂದಿರಾ ಗಾಂಧಿಯವರ ಸ್ಥಾನವೇನೋ ಉಳಿಯಿತು. ಆದರೆ ಪ್ರಧಾನಿಯೊಬ್ಬರು ಕಾನೂನಿಗೆ ಹೊರಗೆಂಬ ಮಾತು ಉಳಿಯಲಿಲ್ಲ.

ಅದೇ ಕೋರ್ಟು ಮುಂದಿನ ವರ್ಷ ಬಾಗಿತು. ವಿಚಾರಣೆಯಿಲ್ಲದೆ ಹಿಡಿದಿಟ್ಟವರು ಕೋರ್ಟಿಗೆ ಬರಬಹುದೆಂದು ನಮ್ಮ ಕರ್ನಾಟಕದ ಹೈಕೋರ್ಟೂ ಸೇರಿ ಒಂಬತ್ತು ಹೈಕೋರ್ಟುಗಳು ಹೇಳಿದ್ದವು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು, ಬರಲಾಗದು ಎಂದರು. ಒಬ್ಬರೇ ಒಬ್ಬರು, ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅವರು, ಭಿನ್ನಮತ ಬರೆದರು. ಅದರ ಬೆಲೆಯಾಗಿ 1977ರ ಜನವರಿಯಲ್ಲಿ ಅವರಿಗೆ ಬರಬೇಕಾಗಿದ್ದ ಮುಖ್ಯ ನ್ಯಾಯಾಧೀಶರ ಹುದ್ದೆ ಅವರಿಗಿಂತ ಕಿರಿಯರಿಗೆ ಹೋಯಿತು. ಅದೇ ಜನವರಿಯಲ್ಲಿಯೇ, ಬೆಂಗಳೂರು ಜೈಲಿನಲ್ಲಿ ತಿಂಗಳುಗಟ್ಟಲೆ ಕೊಳೆತು ಆರೋಗ್ಯ ಕೆಟ್ಟು ಹೊರಬಂದ ಕಲಾವಿದೆ, ಸಮಾಜವಾದಿ ಸ್ನೇಹಲತಾ ರೆಡ್ಡಿಯವರು ತೀರಿಕೊಂಡರು. ಕೋರ್ಟಿನ ಬಾಗಿಲು ಮುಚ್ಚುವುದೆಂದರೆ ಪುಸ್ತಕದ ಮಾತಲ್ಲ, ಒಂದು ಜೀವದ ಮಾತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಒಬ್ಬಂಟಿಯಾಗಿ ಬರೆದ ಖನ್ನಾ ಅವರ ಮಾತೇ ಕಡೆಗೆ ಗೆದ್ದಿತು. ತುರ್ತುಪರಿಸ್ಥಿತಿಯಲ್ಲಿಯೂ ಜೀವದ ಹಕ್ಕನ್ನು ಅಮಾನತಿನಲ್ಲಿಡಕೂಡದೆಂದು 1978ರ ನಲವತ್ತನಾಲ್ಕನೆಯ ತಿದ್ದುಪಡಿ ಹೇಳಿತು. ನಾಲ್ವರ ಆ ತೀರ್ಪು ತಪ್ಪೆಂದು 2017ರಲ್ಲಿ ಸುಪ್ರೀಂ ಕೋರ್ಟೇ ಸಾರಿತು. ಸತ್ಯಕ್ಕೆ ಓಟು ಹಾಕಿಸಿದ್ದರೆ 1976ರಲ್ಲಿ ಅದು ಒಂದಕ್ಕೆ ನಾಲ್ಕರಂತೆ ಸೋತೇ ಇತ್ತು.

ಗಿರಣಿಯ ಬಂಧುಗಳಿಗೆ ಇನ್ನೊಂದು ಸಂಗತಿ ತಿಳಿದಿರಲಿ. ತುರ್ತುಪರಿಸ್ಥಿತಿಯ ನಲವತ್ತೆರಡನೆಯ ತಿದ್ದುಪಡಿ, ಪಾರ್ಲಿಮೆಂಟಿನ ಬಹುಮತ ರಾಜ್ಯಾಂಗವನ್ನು ಹೇಗೆ ಬೇಕಾದರೂ ತಿದ್ದಬಹುದು, ಕೋರ್ಟು ಕೇಳಕೂಡದು ಎಂದಿತ್ತು. 1980ರಲ್ಲಿ ಅದನ್ನು ಹೊಡೆದುಹಾಕಿದ ಮೊಕದ್ದಮೆಯ ಹೆಸರು ಮಿನರ್ವ ಮಿಲ್ಸ್. ಬೆಂಗಳೂರಿನ ಬಟ್ಟೆ ಗಿರಣಿ! ರೋಗಗ್ರಸ್ತ ಗಿರಣಿಗಳ ರಾಷ್ಟ್ರೀಕರಣವನ್ನು ಪ್ರಶ್ನಿಸಿ ಮಾಲೀಕರು ಹೂಡಿದ ದಾವೆಯದು. ಮಾಲೀಕರ ಉದ್ದೇಶ ಲಾಭವೇ ಇರಬಹುದು. ಆದರೆ ಅಲ್ಲಿ ನಿಂತ ತತ್ತ್ವ ನಿಮ್ಮ ನಮ್ಮೆಲ್ಲರ ರಕ್ಷೆಯಾಯಿತು: ಇಂದಿನ ಬಹುಮತಕ್ಕೆ ಎಲ್ಲ ಅಧಿಕಾರವಿದೆ, ನಾಳಿನ ಬಹುಮತ ಹುಟ್ಟುವ ದಾರಿಯನ್ನು ಮುಚ್ಚುವ ಅಧಿಕಾರವಿಲ್ಲ. 1986ರಲ್ಲಿ ಅದೇ ಕೋರ್ಟು ಆ ರಾಷ್ಟ್ರೀಕರಣದ ಕಾಯಿದೆಯನ್ನು ಎತ್ತಿಹಿಡಿಯಿತು. ಆಸ್ತಿಯ ಮೇಲೆ ಸಮಾಜದ ಹಕ್ಕೂ, ಮನುಷ್ಯನ ಮೂಲಭೂತ ಹಕ್ಕೂ ಒಟ್ಟಿಗೆ ನಿಲ್ಲಬಲ್ಲವು ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ.

ಚಿಕ್ಕಮಗಳೂರನ್ನು ಮರೆಯಬಾರದು

ಎದುರಾಳಿಯ ತಪ್ಪನ್ನು ಮಾತ್ರ ಎಣಿಸಿದರೆ ಈ ಬರವಣಿಗೆಗೆ ಬೆಲೆಯಿಲ್ಲ. 1977ರ ಮಾರ್ಚಿನಲ್ಲಿ ಅದೇ ರಾಯಬರೇಲಿಯ ಜನ ಇಂದಿರಾ ಗಾಂಧಿಯವರನ್ನು 55 ಸಾವಿರಕ್ಕೂ ಹೆಚ್ಚು ಓಟಿನಿಂದ ಸೋಲಿಸಿ ರಾಜನಾರಾಯಣರನ್ನು ಗೆಲ್ಲಿಸಿದರು. ದಿಲ್ಲಿಯಲ್ಲಿ ಜನತಾ ಸರಕಾರ ಬಂದಿತು. ನಮ್ಮವರೂ ಮಂತ್ರಿಗಳಾದರು. 1978ರ ನವೆಂಬರಿನಲ್ಲಿ ನಮ್ಮ ಚಿಕ್ಕಮಗಳೂರು ಕ್ಷೇತ್ರದ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರು 77 ಸಾವಿರಕ್ಕೂ ಹೆಚ್ಚು ಓಟಿನಿಂದ ಗೆದ್ದು ಲೋಕಸಭೆಗೆ ಹೋದರು. ಜನತಾ ಬಹುಮತ ಏನು ಮಾಡಿತು? ಡಿಸೆಂಬರಿನಲ್ಲಿ ಹಕ್ಕುಚ್ಯುತಿಯ ಆಪಾದನೆಯ ಮೇಲೆ, ಕೈ ಎಣಿಸಿ, ಅವರನ್ನು ಸಭೆಯಿಂದ ಹೊರಹಾಕಿ ಅಧಿವೇಶನ ಮುಗಿಯುವವರೆಗೆ ಜೈಲಿಗೆ ಕಳುಹಿಸಿತು.

ಆಪಾದನೆಯಲ್ಲಿ ಹುರುಳಿರಲಿಲ್ಲವೆಂದು ನಾವು ಹೇಳುತ್ತಿಲ್ಲ. ಆದರೆ ಆಪಾದಿಸಿದವರೇ ನ್ಯಾಯಾಧೀಶರಾಗಿ, ನ್ಯಾಯಾಧೀಶರೇ ಓಟುದಾರರಾಗಿ ಶಿಕ್ಷೆ ಕೊಟ್ಟದ್ದನ್ನು ಏನೆಂದು ಕರೆಯಬೇಕು? ತುರ್ತುಪರಿಸ್ಥಿತಿಯನ್ನು ವಿರೋಧಿಸಿ ಜೈಲಿಗೆ ಹೋದವರೇ, ಗದ್ದುಗೆ ಸಿಕ್ಕಿದ ಎರಡನೆಯ ವರ್ಷಕ್ಕೆ ಸಂಖ್ಯೆಯ ಮತ್ತಿನಲ್ಲಿ ಅದೇ ರೋಗಕ್ಕೆ ಬಿದ್ದರು. 1980ರಲ್ಲಿ ಜನ ಇಂದಿರಾ ಗಾಂಧಿಯವರನ್ನು ಮರಳಿ ಪ್ರಧಾನಿ ಮಾಡಿದರು. 1981ರಲ್ಲಿ ಹೊಸ ಲೋಕಸಭೆಯ ಹೊಸ ಬಹುಮತ ಹಳೆಯ ಬಹುಮತದ ಆ ನಿರ್ಣಯವನ್ನು ರದ್ದು ಮಾಡಿತು. ಹತ್ತು ವರ್ಷಗಳಲ್ಲಿ ಒಬ್ಬರೇ ವ್ಯಕ್ತಿ ಲಕ್ಷ ಓಟಿನಿಂದ ದೇವತೆ, ಮತ್ತೆ ಅಪರಾಧಿ, ಮತ್ತೆ ದೇವತೆ! ಈ ಗಾಳಿಪಟದ ಬಾಲಕ್ಕೆ ನ್ಯಾಯವನ್ನು ಕಟ್ಟಿದರೆ ನ್ಯಾಯದ ಗತಿಯೇನು?

ಹೂವಿನ ಮಳೆ

ರಾಜಕೀಯ ದೊಡ್ಡವರ ಮಾತಾಯಿತು. ಇನ್ನು ಸಾಮಾನ್ಯನ ಕೊರಳಿನ ಮಾತು.

2019ರ ನವೆಂಬರಿನಲ್ಲಿ ಹೈದರಾಬಾದಿನ ಬಳಿ ಪಶುವೈದ್ಯೆಯೊಬ್ಬರ ಮೇಲೆ ಅತ್ಯಾಚಾರವೆಸಗಿ ಕೊಂದ ಘೋರ ಕೃತ್ಯ ನಡೆಯಿತು. ಕೇಳಿದ ಯಾರ ರಕ್ತ ಕುದಿಯದು? ನಾಲ್ವರು ಆಪಾದಿತರನ್ನು ಪೋಲೀಸರು ಹಿಡಿದರು. ಡಿಸೆಂಬರ್ 6ರ ಬೆಳಗಿನ ಜಾವ ಆ ನಾಲ್ವರೂ ಪೋಲೀಸರ ಗುಂಡಿಗೆ ಬಲಿಯಾದರು. ವಿಚಾರಣೆಯಿಲ್ಲ, ಸಾಕ್ಷಿಯಿಲ್ಲ, ತೀರ್ಪಿಲ್ಲ. ಜನ ಪೋಲೀಸರ ಮೇಲೆ ಹೂವಿನ ಮಳೆ ಸುರಿಸಿದರು, ಸಿಹಿ ಹಂಚಿದರು. ಅಂದು ಓಟು ಹಾಕಿಸಿದ್ದರೆ ಆ ಗುಂಡುಗಳಿಗೆ ನೂರಕ್ಕೆ ತೊಂಬತ್ತು ಓಟು ಬೀಳುತ್ತಿತ್ತೋ ಏನೋ.

ಸುಪ್ರೀಂ ಕೋರ್ಟು ನೇಮಿಸಿದ ನಿವೃತ್ತ ನ್ಯಾಯಮೂರ್ತಿ ಸಿರ್ಪುರಕರ್ ಆಯೋಗದ ವರದಿ 2022ರಲ್ಲಿ ಬಹಿರಂಗವಾಯಿತು. ಪೋಲೀಸರು ಹೇಳಿದ ಕತೆ ನಂಬತಕ್ಕದ್ದಲ್ಲ, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಯಿತು, ಹತ್ತು ಮಂದಿ ಪೋಲೀಸರನ್ನು ಕೊಲೆಯ ಆಪಾದನೆಯ ಮೇಲೆ ವಿಚಾರಿಸಬೇಕು ಎಂದು ಆಯೋಗ ಹೇಳಿತು. ಸತ್ತ ನಾಲ್ವರಲ್ಲಿ ಮೂವರು ಹದಿನೆಂಟು ತುಂಬದ ಹುಡುಗರೆಂದೂ ಕಂಡುಕೊಂಡಿತು. ಅವರು ತಪ್ಪಿತಸ್ಥರೇ ಅಲ್ಲವೇ ಎಂಬುದನ್ನು ಇನ್ನು ಯಾವ ಕೋರ್ಟೂ ಹೇಳಲಾರದು. ಆ ಹೆಣ್ಣುಮಗಳಿಗೆ ಸಿಗಬೇಕಾದ ನ್ಯಾಯವೂ ಅಲ್ಲಿಯೇ ಸತ್ತಿತು. ಸಾಕ್ಷ್ಯವನ್ನು ಗುಂಡಿಗೆ ಬಲಿಕೊಟ್ಟ ಮೇಲೆ ಸತ್ಯ ಎಲ್ಲಿಂದ ಬರಬೇಕು?

ಇದು ಪೋಲೀಸರ ಕತೆ, ಕೋರ್ಟಿನದಲ್ಲ ಎನ್ನುವಿರಾ? ಕೋರ್ಟಿನ ಕತೆಯನ್ನೂ ಕೇಳಿ. ಗಲ್ಲುಶಿಕ್ಷೆ ಕೊಡುವಾಗ ಅಪರಾಧದ ಜೊತೆಗೆ ಅಪರಾಧಿಯ ವಯಸ್ಸು, ಸ್ಥಿತಿ, ಸುಧಾರಿಸುವ ಸಂಭವ ಇವೆಲ್ಲವನ್ನೂ ತೂಗಿ ನೋಡಬೇಕೆಂದು 1980ರಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ ವಿಧಿಸಿತ್ತು. 1995ರಲ್ಲಿ ರಾಜಸ್ಥಾನದ ಒಂದು ಮೊಕದ್ದಮೆಯಲ್ಲಿ ಇಬ್ಬರ ಪೀಠ, ನೋಡಬೇಕಾದ್ದು ಅಪರಾಧವನ್ನು ಮಾತ್ರ, ಸಮಾಜದ ಕೂಗಿಗೆ ಕೋರ್ಟು ಓಗೊಡಬೇಕು ಎಂದಿತು. ಆ ಮನುಷ್ಯ ಮರುವರ್ಷ ಗಲ್ಲಿಗೇರಿದ. ಅದೇ ತೀರ್ಪನ್ನು ಹಿಡಿದು ಮತ್ತೆ ಮತ್ತೆ ಗಲ್ಲು ವಿಧಿಸಲಾಯಿತು. 2009ರಲ್ಲಿ ಸುಪ್ರೀಂ ಕೋರ್ಟು ತಾನೇ ಎಚ್ಚೆತ್ತು, 1995ರ ತೀರ್ಪು ಕಾನೂನನ್ನು ಮರೆತು ಬರೆದದ್ದು, ಜನಾಭಿಪ್ರಾಯದ ಆಧಾರದ ಮೇಲೆ ಗಲ್ಲು ವಿಧಿಸುವುದು ಸರಿಯಲ್ಲ ಎಂದು ಒಪ್ಪಿಕೊಂಡಿತು. 2012ರಲ್ಲಿ 14 ಮಂದಿ ನಿವೃತ್ತ ನ್ಯಾಯಾಧೀಶರು ರಾಷ್ಟ್ರಪತಿಗಳಿಗೆ ಬರೆದು, ಈ ತಪ್ಪಿನಿಂದ ಇಬ್ಬರು ಈಗಾಗಲೇ ಗಲ್ಲಿಗೇರಿ ಹೋಗಿದ್ದಾರೆ, ಉಳಿದವರನ್ನಾದರೂ ಉಳಿಸಿ ಎಂದು ಬೇಡಿದರು.

ಸಮಾಜದ ಕೂಗು ಅಷ್ಟರಲ್ಲಿ ಎಲ್ಲಿ ಹೋಗಿತ್ತು? ಕೂಗಿದವರು ಊಟ ಮಾಡಿ ಮಲಗಿದ್ದರು. ಅವರಿಗೆ ಆ ಇಬ್ಬರ ಹೆಸರೂ ನೆನಪಿರಲಿಲ್ಲ. ಕೂಗಿಗೆ ಹೊಣೆಯಿಲ್ಲ. ತಪ್ಪಾದರೆ ಕೂಗಿದವನನ್ನು ಕರೆದು ಕಾರಣ ಕೇಳುವಂತಿಲ್ಲ. ನ್ಯಾಯಾಧೀಶನಾದರೋ ಕಾರಣವನ್ನು ಬರೆದು ಸಹಿ ಹಾಕಬೇಕು. ಅವನ ಕಾರಣವನ್ನು ಹದಿಮೂರು ವರ್ಷದ ಮೇಲಾದರೂ ತೆಗೆದು ನೋಡಿ ಇದು ತಪ್ಪು ಎನ್ನಬಹುದು. ಕೋರ್ಟಿಗೂ ಗುಂಪಿಗೂ ಇರುವ ಅಂತರ ಇದೊಂದೇ. ಇದು ಸಣ್ಣ ಅಂತರವಲ್ಲ.

ಕಲಿತವರೂ ಈ ಮತ್ತಿಗೆ ಹೊರತಲ್ಲ. ಆಪಾದಿತನ ಪರವಾಗಿ ವಕಾಲತ್ತು ವಹಿಸುವುದಿಲ್ಲವೆಂದು ವಕೀಲರ ಸಂಘಗಳು ಮಾಡುವ ನಿರ್ಣಯಗಳು ಅಸಿಂಧುವೆಂದು ಸುಪ್ರೀಂ ಕೋರ್ಟು 2010ರಲ್ಲಿಯೇ ಹೇಳಿತ್ತು. ಹಾಗಿದ್ದೂ 2020ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ, ದೇಶದ್ರೋಹದ ಆಪಾದನೆ ಹೊತ್ತ ಕಾಶ್ಮೀರಿ ವಿದ್ಯಾರ್ಥಿಗಳ ಪರ ಯಾರೂ ನಿಲ್ಲಕೂಡದೆಂದು ವಕೀಲರೇ ಠರಾವು ಮಾಡಿದರು. ನಮ್ಮ ಹೈಕೋರ್ಟು ಅದನ್ನು ಖಂಡಿಸಬೇಕಾಯಿತು.

ನೀವು ಯಾವ ಪಕ್ಷದಲ್ಲಿದ್ದೀರಿ?

"ನಾವು ಕೊಲೆಗಡುಕರಲ್ಲ, ನಮಗೇಕೆ ಈ ಚಿಂತೆ?" ಎಂದು ಕೇಳುವ ಮಿತ್ರರಿಗೆ ಈಗ ನೇರವಾಗಿ ಹೇಳುತ್ತೇವೆ. ನಿಮ್ಮ ಮೇಲೆಯೇ ಲೋಕಮತ ತಿರುಗಿದ್ದುಂಟು, ಮತ್ತೆ ತಿರುಗಲಿಕ್ಕೂ ಉಂಟು.

ಗಿರಣಿ ಕಾರ್ಮಿಕನೇ, ನೀನು ಮುಷ್ಕರ ಹೂಡಿದ ದಿನ ಊರು ನಿನ್ನ ಪರವಾಗಿರುತ್ತದೆಯೆ? 1974ರ ಮೇಯಲ್ಲಿ ಮಂಗಳೂರಿನ ಜಾರ್ಜ್ ಫರ್ನಾಂಡಿಸರ ಮುಂದಾಳುತನದಲ್ಲಿ ಸುಮಾರು 17 ಲಕ್ಷ ರೈಲ್ವೆ ಕಾರ್ಮಿಕರು ಇಪ್ಪತ್ತು ದಿನ ಮುಷ್ಕರ ಹೂಡಿದಾಗ, ಇಡೀ ದೇಶವನ್ನೇ ಒತ್ತೆ ಹಿಡಿದಿದ್ದಾರೆಂಬುದೇ ಸರಕಾರದ ಪ್ರಚಾರವಾಗಿತ್ತು. 2003ರಲ್ಲಿ ತಮಿಳುನಾಡು ಸರಕಾರ ಮುಷ್ಕರ ನಿರತ ನೌಕರರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಮಂದಿಯನ್ನು ಒಂದೇ ಏಟಿಗೆ ವಜಾ ಮಾಡಿತು. ಅದೇ ವರ್ಷ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು, ಜನರಿಗೆ ತೊಂದರೆಯಾಗುವುದನ್ನು ಎತ್ತಿ ಹೇಳಿ, ಸರಕಾರಿ ನೌಕರರಿಗೆ ಮುಷ್ಕರದ ನೈತಿಕ ಹಕ್ಕೂ ಇಲ್ಲವೆಂದುಬಿಟ್ಟಿತು. ಬಸ್ಸು ಸಿಕ್ಕದವನ, ಕಚೇರಿಯ ಕೆಲಸವಾಗದವನ ಸಿಟ್ಟು ತೀರ್ಪಿನೊಳಕ್ಕೆ ಹರಿದಾಗ ಕಾರ್ಮಿಕನ ಹಕ್ಕು ಕೊಚ್ಚಿಹೋಯಿತು. ಕೋರ್ಟು ಮಂದಿಯ ಮಾತು ಕೇಳಬೇಕೆನ್ನುವ ಕಾರ್ಮಿಕ ತನ್ನ ಕೊರಳಿಗೆ ತಾನೇ ನೂಲು ನೇಯುತ್ತಿದ್ದಾನೆ.

ಸಣ್ಣ ವ್ಯಾಪಾರಿಯೇ, ನಿನ್ನ ಸಂಗತಿಯೇನು? ಫುಟ್‌ಪಾತಿನ ಮೇಲಿನ ತರಕಾರಿ ಗಾಡಿ, ಹೂವಿನ ಬುಟ್ಟಿ, ಬಳೆಯ ಪೆಟ್ಟಿಗೆ ಇವನ್ನೆಲ್ಲ ತೆಗೆಸಿ ಊರನ್ನು ಚೊಕ್ಕಟ ಮಾಡಿರೆಂದು ಕಾರಿನಲ್ಲಿ ಕುಳಿತವರು ಮಾತ್ರ ಹೇಳುವುದಿಲ್ಲ. ನಡೆದುಹೋಗುವ ಬಹುಮಂದಿಯೂ ಅದನ್ನೇ ಹೇಳುತ್ತಾರೆ, ಸಂಜೆ ಅದೇ ಗಾಡಿಯಲ್ಲಿ ಚೌಕಾಶಿ ಮಾಡುತ್ತಾರೆ! ಮುಂಬಯಿಯ ಫುಟ್‌ಪಾತಿನ ನಿವಾಸಿಗಳ ಮೊಕದ್ದಮೆಯಲ್ಲಿ 1985ರಲ್ಲಿ, ಬದುಕುವ ಹಕ್ಕೆಂದರೆ ದುಡಿದು ತಿನ್ನುವ ಹಕ್ಕೂ ಹೌದು ಎಂದದ್ದು ಸುಪ್ರೀಂ ಕೋರ್ಟು. ಬೀದಿಯಲ್ಲಿ ಮಾರುವುದೂ ನಾಗರಿಕನ ಮೂಲಭೂತ ಹಕ್ಕಿನ ವ್ಯಾಪಾರವೇ, ಕಟ್ಟುಪಾಡಿಗೆ ಒಳಪಟ್ಟು ನಡೆಯತಕ್ಕದ್ದು ಎಂದು 1989ರಲ್ಲಿ ಹೇಳಿದ್ದೂ ಅದೇ. ಆ ಬಳಿಕವೇ, ಬೀದಿ ವ್ಯಾಪಾರಿಗಳ ಸಂಘಟನೆಗಳು ವರ್ಷಗಟ್ಟಲೆ ಹೋರಾಡಿ, 2014ರ ಕಾಯಿದೆ ಬಂದಿತು. ಪಟ್ಟಣದ ಮಾರಾಟ ಸಮಿತಿಯಲ್ಲಿ ನೂರಕ್ಕೆ ನಲವತ್ತಕ್ಕೆ ಕಡಿಮೆಯಿಲ್ಲದೆ ವ್ಯಾಪಾರಿಗಳ ಪ್ರತಿನಿಧಿಗಳಿರಬೇಕು, ಸಮೀಕ್ಷೆ ಮುಗಿಯುವವರೆಗೆ ಯಾರನ್ನೂ ಎಬ್ಬಿಸಕೂಡದು ಎಂಬುದು ಆ ಕಾಯಿದೆಯ ಮಾತು. ಮುನಿಸಿಪಾಲಿಟಿ ಅದನ್ನು ಪಾಲಿಸುತ್ತಿದೆಯೇ ಎಂದು ಕೇಳುವುದು ನಿನ್ನ ಕೆಲಸ.

ಇತ್ತೀಚಿನ ವರ್ಷಗಳಲ್ಲಿ ಬುಲ್ಡೋಜರಿನ ನ್ಯಾಯವೊಂದು ಬಂದಿತು. ಆಪಾದನೆ ಮಧ್ಯಾಹ್ನ, ಮನೆ ಅಂಗಡಿ ನೆಲಸಮ ಸಂಜೆ. ಸುತ್ತ ನಿಂತವರ ಚಪ್ಪಾಳೆ. ಆಪಾದಿತನ ಹೆಂಡತಿ ಮಕ್ಕಳು ಏನು ಮಾಡಿದ್ದರೆಂದು ಯಾರೂ ಕೇಳಲಿಲ್ಲ. 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟು, ಹದಿನೈದು ದಿನದ ನೋಟೀಸು ಕೊಡದೆ, ಅವರ ಮಾತು ಕೇಳದೆ ಕೆಡವಕೂಡದು, ಕೆಡವಿದ ಅಧಿಕಾರಿಯೇ ನಷ್ಟಕ್ಕೆ ಹೊಣೆ ಎಂದು ವಿಧಿಸಿತು. ತಡವಾಗಿ ಬಂದ ಮಾತು. ಆದರೂ ಚಪ್ಪಾಳೆಯ ವಿರುದ್ಧ ಬಂದ ಮಾತು.

ಕಲ್ಯಾಣದಿಂದ ಕಾಗೋಡಿಗೆ

ಕನ್ನಡಿಗರಿಗೆ ಇದು ಹೊಸ ಪಾಠವಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತೆಂದು, ಊರ ಸಂಪ್ರದಾಯಸ್ಥರ ಕೂಗಿಗೆ ಕಿವಿಗೊಟ್ಟ ಬಿಜ್ಜಳ ಅವರಿಗೆ ಎಳೆಹೂಟೆಯ ಶಿಕ್ಷೆ ವಿಧಿಸಿದನೆಂದು ಶರಣ ಪರಂಪರೆ ಹೇಳುತ್ತದೆ. ಬಿಜ್ಜಳ ಲೋಕಮತವನ್ನೇ ಅನುಸರಿಸಿದ. ಇಂದು ಆ ಲೋಕಮತವನ್ನು ಹೊಗಳುವವರು ಯಾರಿದ್ದಾರೆ? ವಯಸ್ಸಿಗೆ ಬಂದ ಇಬ್ಬರು ಒಪ್ಪಿ ಮದುವೆಯಾಗುವುದಕ್ಕೆ ಜಾತಿ ಪಂಚಾಯತಿಯ ಅಪ್ಪಣೆ ಬೇಡವೆಂದು ಸುಪ್ರೀಂ ಕೋರ್ಟು ಬಿಡಿಸಿ ಹೇಳಿದ್ದು 2018ರಲ್ಲಿ. ನಡುವೆ ಎಂಟು ನೂರು ವರ್ಷಗಳು ಕಳೆದುಹೋದವು.

1951ರ ಕಾಗೋಡನ್ನು ನೆನೆಯಿರಿ. ಗೇಣಿಯ ಅಳತೆಯಲ್ಲಿನ ಅನ್ಯಾಯವನ್ನು ಪ್ರತಿಭಟಿಸಿ ಗೇಣಿದಾರರು ಗದ್ದೆಗಿಳಿದು ಸತ್ಯಾಗ್ರಹ ಹೂಡಿದಾಗ, ಶಾಂತವೇರಿ ಗೋಪಾಲಗೌಡರು ಅವರ ಬೆನ್ನಿಗೆ ನಿಂತಾಗ, ಲೋಹಿಯಾ ಬಂದು ಸೆರೆಯಾದಾಗ, ಮರ್ಯಾದಸ್ಥರ ಅಭಿಪ್ರಾಯ ಯಾರ ಕಡೆಗಿತ್ತು? ಒಡೆಯರ ಕಡೆಗಿತ್ತು. ಇಪ್ಪತ್ತಮೂರು ವರ್ಷದ ಮೇಲೆ, 1974ರಲ್ಲಿ, ಉಳುವವನೇ ಒಡೆಯನೆಂಬ ಕಾಯಿದೆ ಈ ರಾಜ್ಯದಲ್ಲಿ ಜಾರಿಗೆ ಬಂದಾಗ ಅದು ಬಹುಮತವೇ ಆಗಿತ್ತು. ಕೆಲವರ ಮಾತು ಎಲ್ಲರ ಮಾತಾಗುವುದು ಹೀಗೆ. ಆದರೆ ಆ ಕೆಲವರನ್ನು ಬಹುಮತದ ಹೆಸರಿನಲ್ಲಿ ಮೊದಲ ದಿನವೇ ಹೊಸಕಿಹಾಕಿದ್ದರೆ? ಸಭೆ ಸೇರುವ, ಮಾತಾಡುವ, ಬರೆಯುವ ಹಕ್ಕು ಬಹುಮತದವರಿಗೆ ಬೇಕಾಗಿಯೇ ಇಲ್ಲ, ಅವರನ್ನು ತಡೆಯುವವರು ಯಾರು? ಆ ಹಕ್ಕು ಇರುವುದೇ ಒಂಟಿಯಾದವರಿಗಾಗಿ.

ಹಾಗಾದರೆ ಬಹುಮತಕ್ಕೆ ಬೆಲೆಯಿಲ್ಲವೆ?

ಇದೆ. ಈಗ ಕೊಡುತ್ತಿರುವುದಕ್ಕಿಂತ ಹೆಚ್ಚು ಬೆಲೆ ಕೊಡಬೇಕಾದ ಜಾಗಗಳಿವೆ. ತೆರಿಗೆ ಯಾರ ಮೇಲೆ, ಕನಿಷ್ಠ ಕೂಲಿ ಎಷ್ಟು, ಪಡಿತರದ ಧಾನ್ಯ ಎಷ್ಟು, ನೀರು ಮೊದಲು ಯಾವ ಕೇರಿಗೆ, ಗಿರಣಿ ಮುಚ್ಚಿದರೆ ಅದರ ನೆಲ ಯಾರಿಗೆ ಎಂಬೀ ಪ್ರಶ್ನೆಗಳಲ್ಲಿ ಸರಕಾರ ಬಹುಜನರ ಮಾತಿನಂತೆಯೇ ನಡೆಯಬೇಕು. ನಡೆಯುತ್ತಿದೆಯೆ? ಈ ಪ್ರಶ್ನೆಗಳು ಬಂದಾಗ, ಇದು ತಜ್ಞರ ವಿಷಯ, ಜನರಿಗೆ ತಿಳಿಯದು ಎಂದು ಮಂತ್ರಿಗಳು ಕೈತೊಳೆದುಕೊಳ್ಳುತ್ತಾರೆ. ಒಬ್ಬನನ್ನು ಗಲ್ಲಿಗೆ ಹಾಕುವ, ಒಂದು ಕೋಮಿನ ಅಂಗಡಿ ಮುಚ್ಚಿಸುವ ಪ್ರಶ್ನೆ ಬಂದಾಗ ಮಾತ್ರ, ಜನ ಕೇಳುತ್ತಿದ್ದಾರೆ ಎಂದು ಕಿವಿ ನಿಮಿರಿಸುತ್ತಾರೆ. ಹೊಟ್ಟೆಯ ವಿಷಯದಲ್ಲಿ ಕಿವುಡು, ಸಿಟ್ಟಿನ ವಿಷಯದಲ್ಲಿ ಚುರುಕು! ಇದು ಜನರ ಮೇಲಿನ ಗೌರವವೆ? ಜನರ ಕೈಗೆ ಕಲ್ಲು ಕೊಟ್ಟು ಅನ್ನದ ತಟ್ಟೆಯನ್ನು ಕಸಿದುಕೊಳ್ಳುವ ಹಂಚಿಕೆ.

ನಾವು ಎಳೆಯುವ ಗೆರೆ ಇಷ್ಟೇ. ಎಲ್ಲರ ಸ್ವತ್ತನ್ನು ಹೇಗೆ ಹಂಚಬೇಕೆಂಬುದನ್ನು ಎಲ್ಲರೂ ಸೇರಿ ಓಟಿನಿಂದ ತೀರ್ಮಾನಿಸಲಿ. ಒಬ್ಬನು ಮನುಷ್ಯನೋ ಅಲ್ಲವೋ, ಅವನು ತಪ್ಪು ಮಾಡಿದನೋ ಇಲ್ಲವೋ ಎಂಬುದನ್ನು ಓಟಿಗೆ ಹಾಕಕೂಡದು. ಮೊದಲನೆಯದು ಸರಕಾರದ ಕೆಲಸ, ಅದು ಜನರಿಗೆ ಬಾಗಲಿ. ಎರಡನೆಯದು ಕೋರ್ಟಿನ ಕೆಲಸ, ಅದು ಯಾರಿಗೂ ಬಾಗದಿರಲಿ.

ಕೋರ್ಟು ತಪ್ಪಿದರೆ? ತಪ್ಪುತ್ತದೆ, ಮೇಲೆ ತೋರಿಸಿದ್ದೇವೆ. ಆಗ ತೀರ್ಪನ್ನು ಬಹಿರಂಗವಾಗಿ ಟೀಕಿಸೋಣ, ಮೇಲ್ಮನವಿ ಮಾಡೋಣ, ಕಾಯಿದೆಯನ್ನೇ ಬದಲಿಸಲು ಸಂಘಟಿತರಾಗೋಣ. ಬಡವರ ಮಕ್ಕಳೂ ಹಿಂದುಳಿದವರ ಮಕ್ಕಳೂ ಹೆಣ್ಣುಮಕ್ಕಳೂ ನ್ಯಾಯಾಧೀಶರ ಪೀಠದ ಮೇಲೆ ಕೂರಬೇಕೆಂದು ಹೋರಾಡೋಣ. ಮೊಕದ್ದಮೆಗಳು ಬೇಗ ಮುಗಿಯಲು ಹೆಚ್ಚು ನ್ಯಾಯಾಧೀಶರನ್ನು ನೇಮಿಸಿರೆಂದು ಸರಕಾರದ ಕೊರಳಪಟ್ಟಿ ಹಿಡಿಯೋಣ, ಏಕೆಂದರೆ ನ್ಯಾಯ ತಡವಾದಷ್ಟೂ ಗುಂಪಿನ ಕೂಗಿಗೆ ಬಲ ಬರುತ್ತದೆ. ತಕ್ಕಡಿ ಕೆಟ್ಟಿದ್ದರೆ ರಿಪೇರಿ ಮಾಡಿಸಬೇಕು. ತಕ್ಕಡಿಯನ್ನೇ ಎಸೆದು, ಸುತ್ತ ನಿಂತವರು ಕೂಗಿದ್ದೇ ತೂಕ ಎಂದರೆ ಕಡೆಗೆ ಗಟ್ಟಿ ಗಂಟಲಿನವನು ಸಾಮಾನು ಹೊತ್ತುಕೊಂಡು ಹೋಗುತ್ತಾನೆ. ಗಟ್ಟಿ ಗಂಟಲು ಯಾರದೆಂದು ಗಿರಣಿಯ ಬಂಧುಗಳಿಗೂ ಪೇಟೆಯ ಮಿತ್ರರಿಗೂ ನಾವು ಹೇಳಿಕೊಡಬೇಕಾಗಿಲ್ಲ. ಪತ್ರಿಕೆಯನ್ನೂ ಟೀವಿಯನ್ನೂ ಕೊಳ್ಳುವ ಶಕ್ತಿ ಯಾರಿಗಿದೆಯೋ ಅವರದು.

ಮುಂದಿನ ಸಲ ನಿಮ್ಮ ಬೀದಿಯಲ್ಲಿ ಯಾರಾದರೂ ಅರ್ಜಿಯೊಂದನ್ನು ತಂದು, "ಎಲ್ಲರೂ ಸಹಿ ಹಾಕಿದ್ದಾರೆ, ನೀನೂ ಹಾಕು, ಇವನ ಅಂಗಡಿ ಎತ್ತಿಸಬೇಕು, ಇವನಿಗೆ ವಕೀಲನನ್ನು ಕೊಡಬಾರದು" ಎಂದರೆ, ಸಹಿಗಳನ್ನು ಎಣಿಸಬೇಡಿ. ಅವನ ಮಾತನ್ನು ಕೇಳಿದಿರಾ ಎಂದು ಕೇಳಿ. ಕೇಳಿಲ್ಲವೆಂದರೆ ಲೇಖನಿಯನ್ನು ಕೆಳಗಿಡಿ. ಊರಿಗೆ ಊರೇ ಸಹಿ ಹಾಕಿದ್ದರೂ ನಿಮ್ಮದೊಂದು ಬೀಳದಿರಲಿ. ನಾಳೆ ಆ ಅರ್ಜಿಯಲ್ಲಿ ನಿಮ್ಮ ಹೆಸರು ಬಂದಾಗ ಲೇಖನಿ ಕೆಳಗಿಡುವವನೊಬ್ಬ ನಿಮಗೂ ಬೇಕಾಗುತ್ತಾನೆ.